ಹಿಂದಿನ ಆಕ್ಸಲ್: ಬಲಪಡಿಸೋದಾ, ಬದಲಿಸೋದಾ?

ಗೆಳೆಯರೇ, ಆಫ್‌ರೋಡ್ ಗಾಡಿ ಇಟ್ಟುಕೊಂಡವರು ಎಲ್ಲಿ ನಾಲ್ಕು ಜನ ಸೇರಿದರೂ ಒಂದು ವಾದ ಶುರುವಾಗುತ್ತೆ. "ದೊಡ್ಡ ಟೈರ್ ಹಾಕಿದ್ದೀನಿ, ಲಾಕರ್ ಹಾಕಿಸಬೇಕು ಅಂತಿದ್ದೀನಿ. ಈಗಿರೋ ಹಿಂದಿನ ಆಕ್ಸಲ್‌ಗೇ ಗಟ್ಟಿ ಶಾಫ್ಟ್ ಹಾಕಿದರೆ ಸಾಕಾ, ಇಲ್ಲಾ ಇಡೀ ಆಕ್ಸಲ್ಲನ್ನೇ ಬದಲಿಸಬೇಕಾ?" ಅಂತ. ಒಬ್ಬರು ಸಾಕು ಅಂತಾರೆ, ಇನ್ನೊಬ್ಬರು ದುಡ್ಡು ದಂಡ ಅಂತಾರೆ. ಇಬ್ಬರೂ ತಮ್ಮ ತಮ್ಮ ಅನುಭವದಿಂದಲೇ ಮಾತಾಡ್ತಾರೆ, ಲೆಕ್ಕ ಮಾತ್ರ ಯಾರೂ ಹಾಕಲ್ಲ.

ಈ ಲೇಖನದಲ್ಲಿ ನಾವು ಆ ಲೆಕ್ಕವನ್ನೇ ಹಾಕೋಣ. ಮೂರನೇ ಸೆಮಿಸ್ಟರ್‌ನಲ್ಲಿ ಓದುವ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಗುಣಾಕಾರ ಭಾಗಾಕಾರ ಬಂದರೆ ಆಯ್ತು. ಉದಾಹರಣೆಗೆ ಅಮೆರಿಕದಲ್ಲಿ 1997ರಿಂದ 2006ರವರೆಗೆ ತಯಾರಾದ ಜೀಪ್ ರಾಂಗ್ಲರ್ ಟಿಜೆ ಗಾಡಿಯನ್ನು ತೆಗೆದುಕೊಂಡಿದ್ದೇವೆ. ಕಾರಣ ಇಷ್ಟೇ: ಈ ಪ್ರಶ್ನೆ ಅತಿ ಹೆಚ್ಚು ಬಾರಿ ಕೇಳಿಬಂದಿರೋದು ಆ ಗಾಡಿಯ ಬಗ್ಗೆಯೇ, ಅದರ ಅಳತೆಗಳೂ ಎಲ್ಲರಿಗೂ ಸಿಗುತ್ತವೆ. ವಿಧಾನ ಮಾತ್ರ ಯಾವ ಗಾಡಿಗಾದರೂ ಒಂದೇ.

ಮೊದಲು ಆಕ್ಸಲ್ ಒಳಗೆ ಏನೇನಿದೆ ನೋಡೋಣ

ಗಾಡಿಯ ಹಿಂದೆ ಬಗ್ಗಿ ನೋಡಿದರೆ ನಡುವೆ ಕುಂಬಳಕಾಯಿಯಂಥ ಒಂದು ಗುಂಡಗಿನ ಭಾಗ, ಅದರ ಎರಡೂ ಕಡೆಗೆ ಒಂದೊಂದು ಕೊಳವೆ ಕಾಣುತ್ತೆ. ಇದು ಹೌಸಿಂಗ್. ನಡುವಿನ ಭಾಗದೊಳಗೆ ಕ್ರೌನ್ ವೀಲ್ ಮತ್ತು ಪಿನಿಯನ್ ಇರುತ್ತವೆ. ಪ್ರೊಪೆಲ್ಲರ್ ಶಾಫ್ಟ್‌ನಿಂದ ಬಂದ ತಿರುಗುವಿಕೆಯನ್ನು ಇವು ತೊಂಬತ್ತು ಡಿಗ್ರಿ ತಿರುಗಿಸಿ, ವೇಗ ಇಳಿಸಿ, ಟಾರ್ಕ್ ಹೆಚ್ಚಿಸುತ್ತವೆ. ಕ್ರೌನ್ ವೀಲನ್ನು ಹೊತ್ತಿರೋದು ಡಿಫರೆನ್ಷಿಯಲ್ ಕೇಜ್. ಕೇಜ್‌ನ ಒಳಗಿನ ಚಿಕ್ಕ ಗೇರುಗಳಿಂದ ಎರಡು ಆಕ್ಸಲ್ ಶಾಫ್ಟ್‌ಗಳು ಕೊಳವೆಯೊಳಗೆ ಹಾದು ಚಕ್ರದವರೆಗೆ ಹೋಗುತ್ತವೆ. ಶಾಫ್ಟ್‌ನ ಒಳತುದಿಯಲ್ಲಿ ಹಲ್ಲುಹಲ್ಲಾಗಿ ಕೊರೆದಿರುತ್ತಾರಲ್ಲ, ಅದು ಸ್ಪ್ಲೈನ್.

ಟಾರ್ಕ್ ಹೋಗುವ ದಾರಿಯಲ್ಲಿ ಇವೆಲ್ಲ ಸರಪಳಿಯ ಕೊಂಡಿಗಳಿದ್ದ ಹಾಗೆ. ಪಿನಿಯನ್, ಕ್ರೌನ್, ಕೇಜ್, ಸ್ಪ್ಲೈನ್, ಶಾಫ್ಟ್. ಇವನ್ನೆಲ್ಲ ಹಿಡಿದು ನಿಲ್ಲಿಸಿರೋದು ಹೌಸಿಂಗ್. ಸರಪಳಿ ಎಲ್ಲಿ ಸಣ್ಣಗಿದೆಯೋ ಅಲ್ಲೇ ಕಡಿಯುತ್ತೆ. ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಕಡಿಯುವ ಜಾಗ ಮುಂದಿನ ಸಣ್ಣ ಕೊಂಡಿಗೆ ಹೋಗುತ್ತೆ ಅಷ್ಟೇ. ಈ ಒಂದು ಮಾತು ನೆನಪಿರಲಿ, ಕೊನೆಯವರೆಗೂ ಬೇಕಾಗುತ್ತೆ.

ಮೂರು ಆಕ್ಸಲ್‌ಗಳ ಜಾತಕ

ಟಿಜೆ ಗಾಡಿಗಳಲ್ಲಿ ಬಹುಪಾಲಿಗೆ ಹಿಂದೆ ಬಂದದ್ದು ಡಾನಾ 35. ಕ್ರೌನ್ ವೀಲ್‌ನ ವ್ಯಾಸ 7.56 ಇಂಚು, ಅಂದರೆ ಸುಮಾರು 192 ಮಿ.ಮೀ. ಶಾಫ್ಟ್‌ಗೆ 27 ಸ್ಪ್ಲೈನ್, ಆ ಜಾಗದಲ್ಲಿ ವ್ಯಾಸ ಸುಮಾರು 30 ಮಿ.ಮೀ.

ಅದೇ ಗಾಡಿಗೆ ಆಯ್ಕೆಯಾಗಿ ಸಿಗುತ್ತಿದ್ದದ್ದು ಡಾನಾ 44. ಕ್ರೌನ್ 8.5 ಇಂಚು, ಸುಮಾರು 216 ಮಿ.ಮೀ. ಶಾಫ್ಟ್‌ಗೆ 30 ಸ್ಪ್ಲೈನ್, ವ್ಯಾಸ ಸುಮಾರು 33 ಮಿ.ಮೀ. 2003ರಲ್ಲಿ ಬಂದ ರೂಬಿಕಾನ್ ಮಾದರಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಡಾನಾ 44 ಕೊಟ್ಟು, ಲಾಕರ್‌ಗಳನ್ನೂ ಕಂಪನಿಯೇ ಹಾಕಿಕೊಟ್ಟಿತು.

ಮೂರನೆಯದು ಹೊರಗಿನವನು: ಫೋರ್ಡ್ 8.8. ಹೆಸರೇ ಹೇಳುವಂತೆ ಕ್ರೌನ್ 8.8 ಇಂಚು, ಸುಮಾರು 224 ಮಿ.ಮೀ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯಲ್ಲಿ ಬಂದದ್ದಕ್ಕೆ 31 ಸ್ಪ್ಲೈನ್ ಶಾಫ್ಟ್, ವ್ಯಾಸ ಸುಮಾರು 33.5 ಮಿ.ಮೀ. 1995ರಿಂದ ಈಚಿನವಕ್ಕೆ ಡಿಸ್ಕ್ ಬ್ರೇಕ್. ಚಕ್ರದ ಐದು ಬೋಲ್ಟ್‌ಗಳ ಅಂತರ ಜೀಪಿನದಕ್ಕೇ ಹೊಂದುತ್ತೆ, ಅಗಲವೂ ಹತ್ತಿರ ಹತ್ತಿರ ಅಷ್ಟೇ. ಅಲ್ಲಿನ ಗುಜರಿಗಳಲ್ಲಿ ಎಕ್ಸ್‌ಪ್ಲೋರರ್‌ಗಳಿಗೆ ಬರವಿಲ್ಲದ್ದರಿಂದ ಜೀಪಿನವರು ಇದರ ಬೆನ್ನು ಹತ್ತಿದರು.

ಶಾಫ್ಟ್ ಮೇಲೆ ಎಷ್ಟು ಟಾರ್ಕ್ ಬೀಳುತ್ತೆ?

ಇದಕ್ಕೆ ಎರಡು ಮಿತಿಗಳಿವೆ. ಒಂದು, ಎಂಜಿನ್ ಎಷ್ಟು ಕೊಡಬಲ್ಲದು. ಎರಡು, ಟೈರ್ ಜಾರದೆ ಎಷ್ಟು ಹಿಡಿಯಬಲ್ಲದು. ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಶಾಫ್ಟ್ ಕಾಣುವ ಟಾರ್ಕ್.

ಎಂಜಿನ್ ಲೆಕ್ಕ ಮೊದಲು. ಟಿಜೆಯ 4 ಲೀಟರ್ ಎಂಜಿನ್ ಗರಿಷ್ಠ ಸುಮಾರು 318 ನ್ಯೂಟನ್ ಮೀಟರ್ ಕೊಡುತ್ತೆ. ಐದು ಗೇರಿನ ಹಳೆಯ ಮ್ಯಾನುಯಲ್ ಬಾಕ್ಸ್‌ನಲ್ಲಿ ಫಸ್ಟ್ ಗೇರ್ 3.83. ಟ್ರಾನ್ಸ್‌ಫರ್ ಕೇಸ್ ಲೋನಲ್ಲಿ 2.72. ಆಕ್ಸಲ್ ಅನುಪಾತ 3.07. ಎಲ್ಲವನ್ನೂ ಗುಣಿಸಿ:

318 × 3.83 × 2.72 × 3.07 = ಸುಮಾರು 10,170 ನ್ಯೂಟನ್ ಮೀಟರ್

ಗೇರುಗಳ ಘರ್ಷಣೆಗೆ ಅಂತ ಶೇಕಡಾ 15 ಕಳೆದರೂ 8,600ರ ಆಸುಪಾಸು ಉಳಿಯುತ್ತೆ. ಸಮತಟ್ಟಾದ ಜಾಗದಲ್ಲಿ ಫೋರ್ ವೀಲ್ ಹಾಕಿದಾಗ ಇದು ಹಿಂದೆ ಮುಂದೆ ಹಂಚಿಹೋಗುತ್ತೆ. ಆದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಹಿಡಿತ ಕಳೆದುಕೊಂಡರೆ ಬಹುಪಾಲು ಹಿಂದಕ್ಕೇ ಬರಬಹುದು.

ಇನ್ನು ಟೈರ್ ಲೆಕ್ಕ. ಗಾಡಿ, ಸಾಮಾನು, ಜನ ಎಲ್ಲ ಸೇರಿ 1,800 ಕಿಲೋ ಇಟ್ಟುಕೊಳ್ಳೋಣ. ಏರು ಹತ್ತುವಾಗ ಶೇಕಡಾ 65 ಭಾಗ ಹಿಂದಿನ ಚಕ್ರಗಳ ಮೇಲೆ ಬಂತು ಅಂದರೆ 1,170 ಕಿಲೋ. ಬಲದ ಲೆಕ್ಕದಲ್ಲಿ 11,480 ನ್ಯೂಟನ್. ಒಣ ಬಂಡೆ ಮೇಲೆ ರಬ್ಬರಿನ ಹಿಡಿತ 0.9 ಅಂತಿಟ್ಟರೆ ಹಿಂದಿನ ಎರಡೂ ಚಕ್ರ ಸೇರಿ 10,330 ನ್ಯೂಟನ್‌ವರೆಗೆ ತಳ್ಳಬಲ್ಲವು. ಇಳಿಜಾರಿನ ಕೋನದಿಂದ ಇದು ಸ್ವಲ್ಪ ಕಮ್ಮಿಯಾಗುತ್ತೆ, ಕೆಟ್ಟ ಪರಿಸ್ಥಿತಿಯ ಲೆಕ್ಕವಾದ್ದರಿಂದ ಅದನ್ನು ಬಿಟ್ಟಿದ್ದೇವೆ.

ಈ ಬಲವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್. ಕಂಪನಿ ಕೊಟ್ಟ ಸುಮಾರು 28 ಇಂಚಿನ ಟೈರ್ ಭಾರ ಬಿದ್ದಾಗ 0.34 ಮೀಟರ್ ತ್ರಿಜ್ಯ ಅಂತಿಟ್ಟರೆ ಎರಡೂ ಶಾಫ್ಟ್ ಸೇರಿ 3,510 ನ್ಯೂಟನ್ ಮೀಟರ್. 33 ಇಂಚಿನ ಟೈರ್‌ಗೆ 0.40 ಮೀಟರ್, ಅಂದರೆ 4,130. ಎರಡೂ ಎಂಜಿನ್‌ನ 8,600ಕ್ಕಿಂತ ಕಡಿಮೆಯೇ. ಹಾಗಾದರೆ ಲೋ ರೇಂಜ್‌ನಲ್ಲಿ ಎಂಜಿನ್ ಎಷ್ಟು ಶಕ್ತಿಶಾಲಿ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಮಿತಿ ಹಾಕ್ತಿರೋದು ಟೈರು.

ಲಾಕರ್ ಬಂದಾಗ ಏನಾಗುತ್ತೆ

ಈಗ ನಿಜವಾದ ವಿಷಯಕ್ಕೆ ಬಂದೆವು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಟಾರ್ಕ್ ಕೊಡುತ್ತೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದಕ್ಕೆ ಟಾರ್ಕ್ ಬೇಕಿಲ್ಲ, ಆದ್ದರಿಂದ ಇನ್ನೊಂದಕ್ಕೂ ಸಿಗಲ್ಲ. ಗಾಡಿ ನಿಂತಲ್ಲೇ ನಿಲ್ಲುತ್ತೆ, ಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತೆ. ಚಾಲಕನಿಗೆ ಸಿಟ್ಟು ಬರುತ್ತೆ ನಿಜ, ಆದರೆ ಆ ಹೊತ್ತಿನಲ್ಲಿ ಶಾಫ್ಟ್‌ಗಳು ಆರಾಮಾಗಿರುತ್ತವೆ. ಡಿಫರೆನ್ಷಿಯಲ್ಲೇ ಒಂಥರಾ ಫ್ಯೂಸ್ ಕೆಲಸ ಮಾಡಿಬಿಡುತ್ತೆ.

ಲಾಕರ್ ಹಾಕಿದಾಗ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ಟಾರ್ಕ್ ಹಿಡಿತ ಇದ್ದ ಕಡೆಗೆ ಹೋಗುತ್ತೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಹಿಂಭಾಗದ ಇಡೀ ಭಾರ ಇನ್ನೊಂದರ ಮೇಲೆ, ಇಡೀ ಟಾರ್ಕೂ ಆ ಒಂದೇ ಶಾಫ್ಟ್ ಮೇಲೆ.

ಹೋಲಿಸಿ ನೋಡಿ. 28 ಇಂಚಿನ ಟೈರ್, ಲಾಕರ್ ಇಲ್ಲ: ಒಂದೊಂದು ಶಾಫ್ಟ್‌ಗೆ 1,755 ನ್ಯೂಟನ್ ಮೀಟರ್. 33 ಇಂಚಿನ ಟೈರ್, ಲಾಕರ್ ಇದೆ: ಒಂದೇ ಶಾಫ್ಟ್‌ಗೆ 4,130. ಹತ್ತಿರ ಹತ್ತಿರ 2.35 ಪಟ್ಟು! ಇದರಲ್ಲಿ ಟೈರಿನ ಪಾಲು ಕೇವಲ ಶೇಕಡಾ 18. ಉಳಿದ ದುಪ್ಪಟ್ಟು ಲಾಕರ್‌ನದ್ದು. "ಟೈರ್ ದೊಡ್ಡದಾಯ್ತು, ಆಕ್ಸಲ್ ತಡೆಯಲ್ಲ" ಅಂತ ಎಲ್ಲರೂ ಟೈರನ್ನೇ ದೂರುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತೆ.

ಶಾಫ್ಟ್ ತಡೆಯುತ್ತಾ?

ದುಂಡನೆಯ ಶಾಫ್ಟ್ ತಿರುಚಿದಾಗ ಹೊರಮೈಯಲ್ಲಿ ಹುಟ್ಟುವ ಒತ್ತಡದ ಸೂತ್ರ ನಮಗೆಲ್ಲ ಬಾಯಿಪಾಠ:

ಒತ್ತಡ = 16 × ಟಾರ್ಕ್ ÷ (ಪೈ × ವ್ಯಾಸದ ಘನ)

30 ಮಿ.ಮೀ. ಶಾಫ್ಟ್‌ಗೆ 1,755 ನ್ಯೂಟನ್ ಮೀಟರ್ ಹಾಕಿದರೆ ಸುಮಾರು 330 ಮೆಗಾಪ್ಯಾಸ್ಕಲ್. 4,130 ಹಾಕಿದರೆ ಸುಮಾರು 780. ಅದೇ 4,130ನ್ನು ಡಾನಾ 44ರ 33.3 ಮಿ.ಮೀ. ಶಾಫ್ಟ್‌ಗೆ ಹಾಕಿದರೆ ಸುಮಾರು 570.

ವ್ಯಾಸದ ವ್ಯತ್ಯಾಸ ಬರೀ 3.3 ಮಿ.ಮೀ., ಕಣ್ಣಿಗೆ ಕಾಣೋದೂ ಕಷ್ಟ. ಆದರೆ ಘನದಲ್ಲಿ ಏರುವುದರಿಂದ ಶಕ್ತಿ ಶೇಕಡಾ 37ರಷ್ಟು ಹೆಚ್ಚು. ಫೋರ್ಡ್ 8.8ರದ್ದು ಶೇಕಡಾ 39. ಅಂದರೆ ಶಾಫ್ಟ್ ವಿಷಯದಲ್ಲಿ ಡಾನಾ 44, ಫೋರ್ಡ್ 8.8 ಎರಡೂ ಹೆಚ್ಚುಕಮ್ಮಿ ಒಂದೇ.

780 ಮೆಗಾಪ್ಯಾಸ್ಕಲ್ ಜಾಸ್ತಿಯಾ? ಎಳೆತದಲ್ಲಿ 1,000 ಮೆಗಾಪ್ಯಾಸ್ಕಲ್‌ಗೆ ಇಳುವರಿ ಕೊಡುವ ಒಳ್ಳೆಯ ಉಕ್ಕು ತಿರುಚಿನಲ್ಲಿ ಸುಮಾರು 577ಕ್ಕೇ ಇಳುವರಿಗೆ ಬರುತ್ತೆ. ಆಕ್ಸಲ್ ಶಾಫ್ಟ್‌ಗಳ ಹೊರಪದರವನ್ನು ಇಂಡಕ್ಷನ್‌ನಿಂದ ಗಟ್ಟಿ ಮಾಡಿರುತ್ತಾರೆ, ಹಾಗಾಗಿ ಹೊರಮೈ ಇದಕ್ಕಿಂತ ಹೆಚ್ಚು ತಡೆಯುತ್ತೆ. ತಿರುಚಿನ ಒತ್ತಡ ಅತಿ ಹೆಚ್ಚಿರೋದೂ ಹೊರಮೈಯಲ್ಲೇ ಆದ್ದರಿಂದ ಇದು ಬುದ್ಧಿವಂತ ಉಪಾಯ. ಆದರೂ 780 ಅಂದರೆ ಅಂಚಿನ ಮೇಲೆ ನಡೆದ ಹಾಗೆ. ಇದಕ್ಕೆ ಇನ್ನೂ ಎರಡು ಸೇರಿಸಬೇಕು. ಒಂದು, ಸ್ಪ್ಲೈನ್ ಕೊನೆಯಾಗುವ ಮೂಲೆಯಲ್ಲಿ ಒತ್ತಡ ಗುಂಪುಗೂಡುತ್ತೆ. ಎರಡು, ಗಿರಕಿ ಹೊಡೆಯುತ್ತಿದ್ದ ಚಕ್ರ ಥಟ್ಟನೆ ಬಂಡೆ ಕಚ್ಚಿದಾಗ ತಿರುಗುತ್ತಿದ್ದ ಭಾಗಗಳ ಜಡತ್ವವೂ ಶಾಫ್ಟ್ ಮೇಲೇ ಬೀಳುತ್ತೆ. ಆ ಕ್ಷಣದ ಟಾರ್ಕ್ ನಮ್ಮ ಲೆಕ್ಕಕ್ಕಿಂತ ಮೇಲೆ ಹೋಗುತ್ತೆ. ಶಾಫ್ಟ್ ಮುರಿಯೋದು ಸಾಮಾನ್ಯವಾಗಿ ಆಗಲೇ, ಆಕ್ಸಿಲರೇಟರ್ ಒತ್ತಿ ಹಿಡಿದವನ ಕಾಲಡಿಯಲ್ಲಿ.

ಮುರಿದರೆ ಏನಾಗುತ್ತೆ ಅನ್ನೋದೂ ಮುಖ್ಯ

ಹಿಂದಿನ ಆಕ್ಸಲ್‌ಗಳಲ್ಲಿ ಎರಡು ಬಗೆ. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟೇ ಟಾರ್ಕನ್ನೂ ಹೊರುತ್ತೆ, ಗಾಡಿಯ ಭಾರವನ್ನೂ ಹೊರುತ್ತೆ, ಚಕ್ರವನ್ನೂ ಹಿಡಿದಿರುತ್ತೆ. ಫುಲ್ ಫ್ಲೋಟಿಂಗ್‌ನಲ್ಲಿ ಚಕ್ರದ ಹಬ್ ಎರಡು ಬೇರಿಂಗ್‌ಗಳ ಮೇಲೆ ಹೌಸಿಂಗ್‌ಗೇ ಕೂತಿರುತ್ತೆ, ಶಾಫ್ಟ್‌ಗೆ ಟಾರ್ಕ್ ಬಿಟ್ಟು ಬೇರೆ ಕೆಲಸ ಇಲ್ಲ. ಲಾರಿಗಳಲ್ಲಿ ಇರೋದು ಇದೇ. ರಸ್ತೆಬದಿಯಲ್ಲಿ ಲಾರಿಯ ಚಕ್ರ ಬಿಚ್ಚದೆಯೇ ಶಾಫ್ಟನ್ನು ಹೊರಗೆಳೆಯೋದನ್ನು ನೀವೂ ನೋಡಿರುತ್ತೀರಿ.

ನಮ್ಮ ಉದಾಹರಣೆಯ ಮೂರೂ ಸೆಮಿ ಫ್ಲೋಟಿಂಗ್. ಅದರಲ್ಲೂ ಟಿಜೆಯ ಡಾನಾ 35 ಮತ್ತು ಫೋರ್ಡ್ 8.8ರಲ್ಲಿ ಶಾಫ್ಟನ್ನು ಹಿಡಿದಿಟ್ಟಿರೋದು ಡಿಫರೆನ್ಷಿಯಲ್ ಒಳಗೆ ಶಾಫ್ಟ್‌ನ ತುದಿಗೆ ಸಿಕ್ಕಿಸಿದ ಒಂದು ಸಿ ಆಕಾರದ ಕ್ಲಿಪ್. ಶಾಫ್ಟ್ ನಡುವೆ ಮುರಿದರೆ ಹೊರಗಿನ ತುಂಡನ್ನು ಹಿಡಿಯೋಕೆ ಆ ಕ್ಲಿಪ್‌ಗೆ ಆಗಲ್ಲ. ಚಕ್ರ, ಬ್ರೇಕ್ ಡ್ರಮ್ ಸಮೇತ ಹೊರಗೆ ಜಾರಿಬರಬಹುದು. ಡಾನಾ 44ರಲ್ಲಿ ಹೊರತುದಿಯ ಬೇರಿಂಗ್ ಹತ್ತಿರ ಒಂದು ತಟ್ಟೆಯನ್ನು ಬೋಲ್ಟ್ ಮಾಡಿ ಶಾಫ್ಟನ್ನು ಹಿಡಿದಿರುತ್ತಾರೆ. ಶಾಫ್ಟ್ ಒಳಗಡೆ ಮುರಿದರೂ ಚಕ್ರ ಸಾಮಾನ್ಯವಾಗಿ ಜಾಗದಲ್ಲೇ ನಿಲ್ಲುತ್ತೆ.

ಕಾಡಿನಲ್ಲಿ ನಿಧಾನಕ್ಕೆ ಹೋಗುವಾಗ ಮುರಿದರೆ ಅದು ತಾಪತ್ರಯ. ಅಲ್ಲಿ ಅರ್ಧ ಸೀಳುಬಿಟ್ಟ ಶಾಫ್ಟು ಮನೆಗೆ ವಾಪಸು ಬರುವಾಗ ಹೆದ್ದಾರಿಯಲ್ಲಿ ಮುರಿದರೆ ಅದು ಜೀವದ ಪ್ರಶ್ನೆ. ಶಕ್ತಿಯ ಲೆಕ್ಕದಷ್ಟೇ ಈ ಲೆಕ್ಕಕ್ಕೂ ತೂಕ ಕೊಡಬೇಕು ಅನ್ನೋದು ನಮ್ಮ ಅಭಿಪ್ರಾಯ.

ದಾರಿ ಒಂದು: ಇರೋದನ್ನೇ ಬಲಪಡಿಸೋದು

ಡಾನಾ 35ಕ್ಕೆ "ಸೂಪರ್ 35" ಅನ್ನೋ ಹೆಸರಿನ ಕಿಟ್ ಪ್ರಸಿದ್ಧ. 1541ಎಚ್ ಮಿಶ್ರಲೋಹದ 30 ಸ್ಪ್ಲೈನ್ ಶಾಫ್ಟ್‌ಗಳು, ಅದಕ್ಕೆ ಹೊಂದುವ ಲಾಕರ್. ಅಂದರೆ ಶಾಫ್ಟ್ ಮಟ್ಟಿಗೆ ಡಾನಾ 44ರ ಸಮಕ್ಕೆ ಬಂತು, ಲೋಹದ ಗುಣದಿಂದ ಒಂದು ಕೈ ಮೇಲೆಯೇ ಇರಬಹುದು. ಅನುಕೂಲ ಸ್ಪಷ್ಟ: ಹೌಸಿಂಗ್ ಅದೇ, ಬ್ರಾಕೆಟ್ ಅದೇ, ಬ್ರೇಕ್ ಅದೇ, ಪ್ರೊಪೆಲ್ಲರ್ ಶಾಫ್ಟ್ ಅದೇ. ವೆಲ್ಡಿಂಗ್ ಇಲ್ಲ. ಎರಡು ದಿನದ ಕೆಲಸ.

ಈಗ ಸರಪಳಿಯ ಮಾತು ನೆನಪಿಸಿಕೊಳ್ಳಿ. ಶಾಫ್ಟ್ ಗಟ್ಟಿಯಾಯ್ತು. ಮುಂದಿನ ಸಣ್ಣ ಕೊಂಡಿ ಯಾವುದು? ಕ್ರೌನ್ ಮತ್ತು ಪಿನಿಯನ್. ಗೇರಿನ ಅಳತೆ ಎಲ್ಲ ದಿಕ್ಕಿನಲ್ಲೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಅದು ತಡೆಯುವ ಟಾರ್ಕೂ ಸುಮಾರಾಗಿ ಘನದಲ್ಲೇ ಏರುತ್ತೆ. 216ನ್ನು 192ರಿಂದ ಭಾಗಿಸಿ ಘನ ತೆಗೆದರೆ 1.42. 224ಕ್ಕೆ 1.59. ಒರಟು ಲೆಕ್ಕವೇ, ಆದರೂ ದಿಕ್ಕು ತೋರಿಸುತ್ತೆ: ಗೇರಿನಲ್ಲಿ ಡಾನಾ 35 ಎಷ್ಟು ಹಿಂದಿತ್ತೋ ಅಷ್ಟೇ ಹಿಂದೆ ಉಳಿಯುತ್ತೆ.

ಅದರ ಮೇಲೆ, ದೊಡ್ಡ ಟೈರ್ ಹಾಕಿದವರು ಅನುಪಾತವನ್ನೂ ಬದಲಿಸಲೇಬೇಕು. 28ರಿಂದ 33 ಇಂಚಿಗೆ ಹೋದರೆ, ಮೊದಲಿನ ಎಳೆತ ಉಳಿಯೋಕೆ 3.07ರ ಜಾಗದಲ್ಲಿ 3.07 × 33 ÷ 28 = 3.62 ಬೇಕು. ಬಂಡೆ ಹತ್ತುವವರು ಇನ್ನೂ ಮುಂದೆ ಹೋಗಿ 4.56, 4.88 ಹಾಕಿಸ್ತಾರೆ. 3.07 ಅಂದರೆ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 14. 4.88 ಅಂದರೆ 39 ಮತ್ತು 8. ಕ್ರೌನ್‌ನ ವ್ಯಾಸ ಅಷ್ಟೇ ಇದ್ದು ಪಿನಿಯನ್‌ಗೆ ಹಲ್ಲು ಕಡಿಮೆಯಾದರೆ ಪಿನಿಯನ್ ಸಣ್ಣಗಾಗಲೇಬೇಕು. ಶಾಫ್ಟ್ ದಪ್ಪವಾದ ಅದೇ ಹೊತ್ತಿಗೆ ಪಿನಿಯನ್ ಬಡಕಲಾಯ್ತು! ಕೊಳವೆಗಳೂ ಮೊದಲಿನವೇ, ಭಾರ ಹೊತ್ತು ಹಾರಿ ಬಿದ್ದರೆ ಬಾಗುವ ಭಯ ಹಾಗೇ ಇದೆ. ದುಬಾರಿ ಶಾಫ್ಟು, ದುಬಾರಿ ಲಾಕರು, ದುಬಾರಿ ಗೇರು ಎಲ್ಲವನ್ನೂ ಸಣ್ಣ ಹೌಸಿಂಗ್‌ನಲ್ಲಿ ತುಂಬಿದಾಗ ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಾಗುತ್ತೆ.

ದಾರಿ ಎರಡು: ಇಡೀ ಆಕ್ಸಲ್ ಬದಲಿಸೋದು

ಅದೇ ಮಾದರಿಯ ಗಾಡಿಯಿಂದ ಬಿಚ್ಚಿದ ಡಾನಾ 44 ಸಿಕ್ಕರೆ ಕೆಲಸ ಸುಲಭ. ಸ್ಪ್ರಿಂಗ್, ಶಾಕ್, ಕಂಟ್ರೋಲ್ ಆರ್ಮ್‌ಗಳ ಬ್ರಾಕೆಟ್ ಎಲ್ಲ ಇದ್ದಲ್ಲೇ ಇರುತ್ತವೆ. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕೋದು. ಆದರೆ ಎಲ್ಲರೂ ಅದನ್ನೇ ಹುಡುಕೋದರಿಂದ ಮಾರುವವರಿಗೂ ಅದರ ಬೆಲೆ ಚೆನ್ನಾಗಿ ಗೊತ್ತು.

ಫೋರ್ಡ್ 8.8 ಅಗ್ಗಕ್ಕೆ ಸಿಗುತ್ತೆ, ಆದರೆ ಅಗ್ಗ ಅನ್ನೋದು ಗುಜರಿಯ ಬಾಗಿಲವರೆಗೆ ಮಾತ್ರ. ಒಳಗೆ ತಂದ ಮೇಲೆ ಪಟ್ಟಿ ಬೆಳೆಯುತ್ತೆ. ಹಳೆಯ ಬ್ರಾಕೆಟ್ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಟಿಜೆಯಲ್ಲಿ ಕಾಯಿಲ್ ಸ್ಪ್ರಿಂಗ್ ಮತ್ತು ಕಂಟ್ರೋಲ್ ಆರ್ಮ್‌ಗಳಿರೋದರಿಂದ ಬ್ರಾಕೆಟ್ ಕೆಲಸ ಜಾಸ್ತಿ. ಅದಕ್ಕಿಂತ ಹಿಂದಿನ ವೈಜೆ ಮಾದರಿಯಲ್ಲಿ ಪಟ್ಟಿ ಸ್ಪ್ರಿಂಗ್ ಇರೋದರಿಂದ ಕೆಲಸ ಕಡಿಮೆ. ಪಿನಿಯನ್‌ನ ಫ್ಲೇಂಜ್ ಹೊಂದಲ್ಲ, ಅಡಾಪ್ಟರ್ ಬೇಕು. ಪಿನಿಯನ್ ನಟ್ಟನಡುವೆ ಇಲ್ಲದೆ ಸ್ವಲ್ಪ ಪಕ್ಕಕ್ಕಿದೆ, ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಮತ್ತು ಕೋನ ಎರಡನ್ನೂ ನೋಡಬೇಕು. ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಪೈಪ್ ಹೊಂದಿಸಬೇಕು. ಕೊಳವೆಗಳನ್ನು ನಡುವಿನ ಎರಕದ ಭಾಗಕ್ಕೆ ಒತ್ತಿ ಕೂರಿಸಿ ಅಲ್ಲಲ್ಲಿ ಬೆಸೆದಿರುತ್ತಾರೆ ಅಷ್ಟೇ. ಜೋರು ಟಾರ್ಕ್‌ಗೆ ಕೊಳವೆಯೇ ತಿರುಗಬಾರದು ಅಂತ ಸುತ್ತ ವೆಲ್ಡ್ ಮಾಡಿಸ್ತಾರೆ. ಎರಕದ ಕಬ್ಬಿಣಕ್ಕೆ ಉಕ್ಕು ಬೆಸೆಯೋದು ಗೇಟಿಗೆ ಕೀಲು ಬೆಸೆದ ಹಾಗಲ್ಲ. ಮೊದಲೇ ಕಾಯಿಸಬೇಕು, ತಕ್ಕ ರಾಡ್ ಬಳಸಬೇಕು, ನಿಧಾನಕ್ಕೆ ಆರಲು ಬಿಡಬೇಕು. ಇಲ್ಲದಿದ್ದರೆ ಬಿರುಕು ಬರುತ್ತೆ, ಕೊಳವೆ ಸೊಟ್ಟಗಾಗುತ್ತೆ, ಸೀಲ್ ಸೋರುತ್ತೆ, ಬೇರಿಂಗ್ ಹಾಳಾಗುತ್ತೆ.

ಇನ್ನೊಂದು ಮರೆಯಬಾರದ ವಿಷಯ: ಹಿಂದಿನ ಮುಂದಿನ ಅನುಪಾತ ಒಂದೇ ಇರಬೇಕು. ಮುಂದೆ 3.07 ಇದ್ದು ಹಿಂದಕ್ಕೆ 3.73ರದ್ದು ತಂದಿರಿ ಅಂತಿಟ್ಟುಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಲೆಕ್ಕದಲ್ಲಿ ಶೇಕಡಾ 21 ವ್ಯತ್ಯಾಸ. ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ, ಟ್ರಾನ್ಸ್‌ಫರ್ ಕೇಸ್ ಉಳಿಯಲ್ಲ. ಆದ್ದರಿಂದ ಹಿಂದಿನ ಆಕ್ಸಲ್ ಖರ್ಚಿನ ಪಟ್ಟಿಯಲ್ಲಿ ಮುಂದಿನ ಆಕ್ಸಲ್‌ನ ಗೇರೂ ಸೇರಬಹುದು.

ದೊಡ್ಡದಕ್ಕೆ ಒಂದು ದಂಡವೂ ಇದೆ. 8.8ರ ಕ್ರೌನ್ ತ್ರಿಜ್ಯ ಡಾನಾ 35ರದ್ದಕ್ಕಿಂತ 16 ಮಿ.ಮೀ. ಹೆಚ್ಚು. ಸರಿಸುಮಾರು ಅಷ್ಟೇ ನೆಲದ ಅಂತರ ಕುಂಬಳಕಾಯಿಯ ಕೆಳಗೆ ಕಡಿಮೆಯಾಗುತ್ತೆ. ಸ್ಪ್ರಿಂಗ್ ಕೆಳಗಿನ ತೂಕವೂ ಏರುತ್ತೆ, ಗಾಡಿ ಕುಲುಕೋದು ಜಾಸ್ತಿ.

ಹಾಗಾದರೆ ನಿರ್ಧಾರ ಹೇಗೆ? ಐದು ಪ್ರಶ್ನೆ

1. ಈಗಿರುವ ಆಕ್ಸಲ್‌ನ ಆರೋಗ್ಯ ಹೇಗಿದೆ? ಎಣ್ಣೆ ಇಳಿಸಿ ನೋಡಿ. ಬೂದು ಬಣ್ಣದ ನಯವಾದ ಪುಡಿ ಸಾಮಾನ್ಯ, ಹೊಳೆಯುವ ಚೂರುಗಳು ಅಪಾಯ. ಶಾಫ್ಟ್ ಹೊರತೆಗೆದು ಸ್ಪ್ಲೈನ್ ಗೆರೆಗಳು ನೇರವಾಗಿವೆಯೋ ತಿರುಚಿವೆಯೋ ನೋಡಿ. ಕ್ಲಿಪ್ ಇರುವ ಆಕ್ಸಲ್‌ಗಳಲ್ಲಿ ಬೇರಿಂಗ್‌ನ ರೋಲರ್‌ಗಳು ನೇರ ಶಾಫ್ಟ್ ಮೇಲೆಯೇ ಉರುಳುತ್ತವೆ, ಅಲ್ಲಿ ಗುಳಿ ಬಿದ್ದಿದ್ದರೆ ಶಾಫ್ಟ್ ಮುಗಿಯಿತು. ಹೌಸಿಂಗ್ ಬಾಗಿದ್ದರೆ ಚರ್ಚೆಯೇ ಬೇಡ, ಬಲಪಡಿಸೋ ದಾರಿ ಮುಚ್ಚಿತು.

2. ಕೊನೆಯ ಟೈರ್ ಯಾವುದು? ಈ ವರ್ಷದ್ದಲ್ಲ, ನೀವು ನಿಜವಾಗಿ ನಿಲ್ಲುವ ಅಳತೆ. ಇವತ್ತು 31ಕ್ಕೆ ಲೆಕ್ಕ ಹಾಕಿ ಮುಂದಿನ ವರ್ಷ 35 ಹಾಕುವವರು ಎರಡು ಸಲ ದುಡ್ಡು ಕಟ್ತಾರೆ.

3. ಲಾಕರ್ ಬೇಕೇ? ಲಾಕರ್ ಸ್ಪ್ಲೈನ್ ಎಣಿಕೆಗೆ ಕಟ್ಟುಬಿದ್ದಿರುತ್ತೆ. 27 ಸ್ಪ್ಲೈನ್‌ಗೆ ಕೊಂಡ ಲಾಕರ್ 30ರ ಶಾಫ್ಟ್‌ಗೆ ಬರಲ್ಲ. ಹಾಗಾಗಿ ಆಕ್ಸಲ್ ತೀರ್ಮಾನ ಮೊದಲು, ಲಾಕರ್ ಖರೀದಿ ಆಮೇಲೆ.

4. ಅನುಪಾತ ಹೇಗಿದ್ದರೂ ಬದಲಿಸಬೇಕೇ? ಹೌದಾದರೆ ಗೇರು, ಬೇರಿಂಗ್, ಹೊಂದಿಸುವ ಕೂಲಿ ಎರಡೂ ದಾರಿಯಲ್ಲಿ ಬರುತ್ತೆ. ಆಗ ಎರಡರ ನಡುವಿನ ಖರ್ಚಿನ ಅಂತರ ಅಂದುಕೊಂಡದ್ದಕ್ಕಿಂತ ಕಡಿಮೆಯಾಗುತ್ತೆ. ಅಷ್ಟು ದುಡ್ಡನ್ನು ಸಣ್ಣ ಹೌಸಿಂಗ್‌ನೊಳಗೆ ಯಾಕೆ ಹಾಕಬೇಕು ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ.

5. ಕೆಲಸ ಯಾರು ಮಾಡ್ತಾರೆ? ಪಿನಿಯನ್‌ನ ಆಳ, ಬೇರಿಂಗ್‌ನ ಬಿಗಿ, ಹಲ್ಲುಗಳ ನಡುವಿನ ಸಡಿಲ ಇವೆಲ್ಲ ಮಿಲಿಮೀಟರಿನ ನೂರನೇ ಭಾಗದ ಕೆಲಸ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಎಲ್ಲಿ ಮೂಡಿತು ಅಂತ ನೋಡಿ ಹೊಂದಿಸಬಲ್ಲ ಮೆಕ್ಯಾನಿಕ್ ಸಿಗದಿದ್ದರೆ, ಹೊಂದಿಸಿಟ್ಟ ಇಡೀ ಆಕ್ಸಲ್ ತರೋದೇ ಜಾಣತನ.

ಮೂರು ಗಾಡಿ, ಮೂರು ತೀರ್ಪು

ಮೊದಲ ಗಾಡಿ: 31 ಇಂಚಿನ ಟೈರ್, ಲಾಕರ್ ಇಲ್ಲ, ತಿಂಗಳಿಗೊಮ್ಮೆ ಮಣ್ಣಿನ ದಾರಿ. ಎರಡೂ ಬೇಡ. ಒಳ್ಳೆ ಎಣ್ಣೆ, ಹೊಸ ಸೀಲು, ಬೇರಿಂಗ್ ತಪಾಸಣೆ. ಉಳಿದ ದುಡ್ಡಿಗೆ ಪೆಟ್ರೋಲ್ ಹಾಕಿಸಿಕೊಂಡು ಸುತ್ತಿ.

ಎರಡನೆಯದು: 31 ಅಥವಾ ಹೆಚ್ಚೆಂದರೆ 33, ಲಾಕರ್ ಬೇಕು, ಹೌಸಿಂಗ್ ನೇರವಾಗಿದೆ, ಅನುಪಾತ ಸರಿಯಾಗಿದೆ, ಅಲ್ಲಿಗೇ ನಿಲ್ಲುತ್ತೇನೆ ಅನ್ನೋ ಖಾತ್ರಿ ಇದೆ. ಇಲ್ಲಿ ಬಲಪಡಿಸೋದಕ್ಕೆ ಅರ್ಥವಿದೆ. ಶಾಫ್ಟೇ ಸಣ್ಣ ಕೊಂಡಿ, ಅದನ್ನು ಸರಿ ಮಾಡಿದಿರಿ, ಬೇರೆಯವಕ್ಕೆ ಹೊರೆ ಅತಿಯಾಗಿ ಏರಿಲ್ಲ.

ಮೂರನೆಯದು: 35 ಇಂಚು, ಲಾಕರ್, 4.56 ಗೇರು, ಬಂಡೆ. ಬದಲಿಸಿ. ಇಲ್ಲಿ ಶಾಫ್ಟು, ಪಿನಿಯನ್ನು, ಕೊಳವೆ ಮೂರೂ ಒಟ್ಟಿಗೇ ಅಂಚಿಗೆ ಬಂದಿವೆ. ಒಂದನ್ನು ಸರಿ ಮಾಡಿದರೆ ಮುಂದಿನದು ಕಾಯ್ತಾ ಇರುತ್ತೆ.

ನಮ್ಮ ಕಡೆಯ ಮಾತು

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯಿಂದ ಬಂದ ಗೆಳೆಯರಿಗೆ ಜೀಪು ಅಂದರೆ ಹವ್ಯಾಸ ಅಲ್ಲ. ಗೊಬ್ಬರ, ಕಾಫಿ ಮೂಟೆ, ತೋಟಕ್ಕೆ ಹೋಗುವ ಆಳುಗಳು, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಬೇಕಾದವರು ಎಲ್ಲ ಅದರಲ್ಲೇ. ಅಲ್ಲಿ ಲಾಕರೂ ಇಲ್ಲ, 35 ಇಂಚಿನ ಟೈರೂ ಇಲ್ಲ. ಅಲ್ಲಿನ ಶತ್ರು ಟಾರ್ಕ್ ಅಲ್ಲ, ಭಾರ. ಸೆಮಿ ಫ್ಲೋಟಿಂಗ್ ಶಾಫ್ಟ್‌ನಲ್ಲಿ ಗಾಡಿಯ ಭಾರ ಶಾಫ್ಟನ್ನು ಬಾಗಿಸುತ್ತೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಅದೇ ಜಾಗ ಒಮ್ಮೆ ಎಳೆಯಲ್ಪಟ್ಟು ಒಮ್ಮೆ ಒತ್ತಲ್ಪಡುತ್ತೆ. ಮಿತಿ ಮೀರಿ ತುಂಬಿದ ಗಾಡಿಯಲ್ಲಿ ಇದು ಲಕ್ಷಗಟ್ಟಲೆ ಸಲ ನಡೆದು ಕೂದಲೆಳೆಯ ಬಿರುಕು ಹುಟ್ಟುತ್ತೆ. ಮುರಿಯುವ ದಿನ ಭಾರ ಕಮ್ಮಿಯೇ ಇರಬಹುದು, "ಖಾಲಿ ಗಾಡಿ, ಸುಮ್ಮನೆ ಹೋಗ್ತಾ ಇತ್ತು" ಅಂತ ಎಲ್ಲರೂ ಆಶ್ಚರ್ಯಪಡ್ತಾರೆ. ಆದರೆ ಬಿರುಕು ಹುಟ್ಟಿದ್ದು ಎಂದೋ.

ಇಂಥ ಗಾಡಿಗೆ ನಮ್ಮ ಉತ್ತರ: ಮೊದಲು ಭಾರ ಇಳಿಸಿ. ಬೇರಿಂಗ್ ಸದ್ದು, ಚಕ್ರದ ಅಲುಗಾಟ, ಡ್ರಮ್ ಒಳಗೆ ಎಣ್ಣೆ ಕಂಡರೆ ಅಂದೇ ಬಿಚ್ಚಿಸಿ. ಶಾಫ್ಟ್ ಬದಲಿಸುವಾಗ ಗುಜರಿಯದ್ದು ಹಾಕಿಸಬೇಡಿ, ಅದು ಎಷ್ಟು ಸುತ್ತು ದುಡಿದಿದೆಯೋ ಬಲ್ಲವರಿಲ್ಲ. ಆ ಗಾಡಿಯ ಹಿಂದೆ ಹತ್ತು ಜನ ಕೂತಿರುತ್ತಾರೆ ಅನ್ನೋದನ್ನು ನೆನೆದರೆ ಹೊಸ ಶಾಫ್ಟ್‌ನ ಬೆಲೆ ದೊಡ್ಡದಲ್ಲ.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ನಮ್ಮಲ್ಲಿ ಬೇರೆ ಗಾಡಿಯ ಆಕ್ಸಲ್ ತಂದು ಬೆಸೆಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು.

ನೀವೇ ಮಾಡಿ ನೋಡಿ

ಒಂದು ಗಾಡಿ ಭಾರ ಸಮೇತ 1,600 ಕಿಲೋ. ಏರಿನಲ್ಲಿ ಶೇಕಡಾ 60 ಹಿಂದಿನ ಚಕ್ರಗಳ ಮೇಲೆ. ಹಿಡಿತ 0.8. ಭಾರ ಬಿದ್ದ ಟೈರಿನ ತ್ರಿಜ್ಯ 0.36 ಮೀಟರ್. ಶಾಫ್ಟ್ ವ್ಯಾಸ 28 ಮಿ.ಮೀ. ಲಾಕರ್ ಇಲ್ಲದಾಗ, ಇದ್ದಾಗ ಒತ್ತಡ ಎಷ್ಟು?

ಉತ್ತರ: ಲಾಕರ್ ಇಲ್ಲದಾಗ ಪ್ರತಿ ಶಾಫ್ಟ್‌ಗೆ ಸುಮಾರು 1,356 ನ್ಯೂಟನ್ ಮೀಟರ್, ಒತ್ತಡ ಸುಮಾರು 315 ಮೆಗಾಪ್ಯಾಸ್ಕಲ್. ಲಾಕರ್ ಇದ್ದು ಒಂದು ಚಕ್ರ ಮೇಲೆದ್ದಾಗ ಎರಡೂ ದುಪ್ಪಟ್ಟು.

ಉತ್ತರ ಬಂತಾ? ಹಾಗಾದರೆ ಮುಂದಿನ ಸಲ ಯಾರಾದರೂ "ಗಟ್ಟಿ ಶಾಫ್ಟ್ ಹಾಕ್ಸು ಮಾರಾಯ, ಸಾಕು" ಅಂದಾಗ ಒಂದು ಹಾಳೆ, ಒಂದು ಪೆನ್ನು ತೆಗೀರಿ. ಅವರ ಟೈರಿನ ಅಳತೆ ಕೇಳಿ, ಲಾಕರ್ ಇದೆಯಾ ಕೇಳಿ, ಆಮೇಲೆ ಸರಪಳಿಯ ಒಂದೊಂದೇ ಕೊಂಡಿಯನ್ನು ಎಣಿಸಿ.